ಗಿಡ ಒಣಗಿದ್ದು ನಿಮ್ಮ ಕೈಯಿಂದಲ್ಲ

ಪ್ರಶ್ನೆ: ಮೇಡಂ, ನನಗೆ ಐವತ್ತೆರಡು ವರ್ಷ. ಊರು ಚನ್ನಗಿರಿ ತಾಲ್ಲೂಕಿನ ಕೆರೆಬಿಳಚಿ. ಯಜಮಾನರು ತೀರಿಕೊಂಡು ಎರಡು ವರ್ಷವಾಗುತ್ತ ಬಂತು. ಅವರಿಗೆ ಗಿಡಗಳೆಂದರೆ ಪ್ರಾಣ. ಗೇಟಿನಿಂದ ಬಾಗಿಲವರೆಗೆ ದಾರಿಯ ಎರಡೂ ಕಡೆ ಕೆಂಪು, ಹಳದಿ ಎಲೆಯ ಗಿಡಗಳನ್ನು ಸಾಲಾಗಿ ಬೆಳೆಸಿದ್ದರು. ವರ್ಷವಿಡೀ ಬಣ್ಣ ತುಂಬಿರುತ್ತಿತ್ತು. ಅವರು ಹೋದ ಮೇಲಿನ ಬೇಸಿಗೆಯಲ್ಲಿ ನಾನು ಮಗನ ಮನೆಯಲ್ಲಿದ್ದೆ. ವಾಪಸ್ ಬಂದು ನೋಡಿದರೆ ಸಾಲಿಗೆ ಸಾಲೇ ಒಣಗಿತ್ತು. ಅದನ್ನು ಮತ್ತೆ ಮಾಡಬೇಕೆಂದು ಈ ವರ್ಷ ಮಾರ್ಚ್‌ನಲ್ಲಿ ಟೆಂಪೋದಲ್ಲಿ ಗಿಡ ಮಾರಲು ಬಂದವರಿಂದ ಕ್ರೋಟನ್ ಕೊಂಡೆ. ಹದಿನೈದು ದಿನದಲ್ಲಿ ಎಲೆ ಉದುರಿ ಬರೀ ಕಡ್ಡಿಯಾದವು, ಕಿತ್ತು ಬಿಸಾಡಿದೆ. ಮೊಬೈಲಿನಲ್ಲಿ ವಿದೇಶದ ತೋಟಗಳನ್ನು ನೋಡಿ ಮಗಳ ಕೈಲಿ ಅಜೇಲಿಯಾ ತರಿಸಿದೆ. ಅದೂ ಹೋಯಿತು. ಕುಂಡಗಳಿಗೆ ಒಳ್ಳೆಯ ಕೆರೆಗೋಡನ್ನೇ ತುಂಬಿದ್ದೆ, ದಿನಾ ಎರಡು ಹೊತ್ತು ನೀರು ಹಾಕಿದ್ದೆ. ಏನೂ ಕಡಿಮೆ ಮಾಡಲಿಲ್ಲ.

ಮೊನ್ನೆ ಮದುವೆ ಮನೆಯಲ್ಲಿ ನನ್ನ ನಾದಿನಿ ನಾಲ್ಕು ಜನರ ಮುಂದೆ, "ಅಣ್ಣ ಕೊಟ್ಟ ಕ್ರೋಟನ್ ನಮ್ಮನೇಲಿ ಆಳೆತ್ತರ ಆಗಿದೆ. ಅತ್ತಿಗೆ ಕೈಗುಣ ಹಂಗೆ, ಮುಟ್ಟಿದ್ದು ಉಳಿಯಲ್ಲ" ಅಂದಳು. ಅವಳು ಹೇಳಿದ್ದು ಬರೀ ಗಿಡದ ಮಾತಲ್ಲ ಅಂತ ನನಗನ್ನಿಸಿತು. ಅವತ್ತಿನಿಂದ ನಿದ್ದೆ ಸರಿಯಿಲ್ಲ. ಮಗಳಿಗೆ ಆಗಸ್ಟ್‌ನಲ್ಲಿ ಹೆರಿಗೆ. ಬಾಣಂತನಕ್ಕೆ ನಮ್ಮ ಮನೆಗೇ ಬರುತ್ತಾಳೆ. ಆ ಕೂಸನ್ನು ಎತ್ತಿಕೊಳ್ಳಲೂ ಭಯವಾಗುತ್ತಿದೆ. ನನ್ನಂಥವಳ ಕೈಯಲ್ಲೂ ಸಾಯದೆ ವರ್ಷವಿಡೀ ಬಣ್ಣ ಕೊಡುವ ಗಿಡ ಯಾವುದಾದರೂ ಇದ್ದರೆ ತಿಳಿಸಿ.
— ಹೆಸರು ಬೇಡ, ಕೆರೆಬಿಳಚಿ

ಉತ್ತರ: ಅಮ್ಮ, ಗಿಡದ ಹೆಸರು ಖಂಡಿತ ಹೇಳುತ್ತೇನೆ. ಅದಕ್ಕೂ ಮೊದಲು ನಿಮಗಾದ ನೋವಿನ ಬಗ್ಗೆ ಮಾತಾಡೋಣ. ಗಂಡನನ್ನು ಕಳೆದುಕೊಂಡ ಹೆಂಗಸಿಗೆ ನಾಲ್ಕು ಜನರ ಎದುರು "ಮುಟ್ಟಿದ್ದು ಉಳಿಯಲ್ಲ" ಎಂಬ ಮಾತು ಕೇಳಬೇಕಾದಾಗ ಎದೆಗೆ ಏನಾಗುತ್ತದೆಂದು ನನಗೆ ಅರ್ಥವಾಗುತ್ತದೆ. ಹೇಳಿದವರು ಮರೆತು ಊಟಕ್ಕೆ ಕೂತಿರುತ್ತಾರೆ, ಕೇಳಿದವರು ಆ ಮಾತನ್ನು ಮನೆಗೆ ಹೊತ್ತು ತಂದು ರಾತ್ರಿಯೆಲ್ಲ ಎದ್ದು ಕೂತಿರುತ್ತಾರೆ. ನಿಮಗೆ ನಿದ್ದೆ ಬರದಿರುವುದರಲ್ಲಿ ಆಶ್ಚರ್ಯವಿಲ್ಲ. ನೀವು ಅತಿಯಾಗಿ ಯೋಚಿಸುತ್ತಲೂ ಇಲ್ಲ.

ಆ ಸಾಲನ್ನು ಮತ್ತೆ ಬೆಳೆಸಬೇಕೆಂದು ನೀವು ಪಟ್ಟ ಪಾಡೂ ನನಗೆ ಕಾಣುತ್ತದೆ. ಅದು ಯಜಮಾನರು ದಿನಾ ನಡೆದಾಡಿದ ದಾರಿ. ಅಲ್ಲಿ ಗಿಡ ಒಣಗಿದಾಗಲೆಲ್ಲ ಅವರನ್ನು ಇನ್ನೊಮ್ಮೆ ಕಳೆದುಕೊಂಡ ಹಾಗೆ ನಿಮಗಾಗಿದೆ. ಬೇರೆಯವರ ಮನೆಯಲ್ಲಿ ಕ್ರೋಟನ್ ಹೋದರೆ ಇನ್ನೂರು ರೂಪಾಯಿ ಹೋಯಿತು ಅಂದುಕೊಳ್ಳುತ್ತಾರೆ. ನಿಮಗೆ ಹೋದದ್ದು ಅಷ್ಟೇ ಅಲ್ಲ.

ಈಗ ಒಂದು ಮಾತನ್ನು ಗಟ್ಟಿಯಾಗಿಯೇ ಹೇಳುತ್ತೇನೆ. ನೀವು ಬರೆದ ಗಿಡಗಳಲ್ಲಿ ಒಂದೂ ನಿಮ್ಮ ಕೈ ತಾಗಿದ್ದರಿಂದ ಸತ್ತಿಲ್ಲ. ಪ್ರತಿಯೊಂದಕ್ಕೂ ಕಾರಣವಿದೆ, ಆ ಕಾರಣಗಳೆಲ್ಲ ನಿಮ್ಮ ಪತ್ರದಲ್ಲೇ ಇವೆ. ಒಂದೊಂದಾಗಿ ನೋಡೋಣ.

ಮೊದಲ ಸಾಲು ಒಣಗಿದ್ದು ಬೇಸಿಗೆಯಲ್ಲಿ, ಮನೆಗೆ ಬೀಗ ಹಾಕಿದ್ದಾಗ. ದಾವಣಗೆರೆ ಸೀಮೆಯ ಏಪ್ರಿಲ್ ಬಿಸಿಲು 40 ಡಿಗ್ರಿಯ ಹತ್ತಿರ ಹೋಗುತ್ತದೆ. ಆ ಬಿಸಿಲಲ್ಲಿ ವಾರಗಟ್ಟಲೆ ನೀರಿಲ್ಲದೆ ಯಾರು ನೆಟ್ಟ ಗಿಡವಾದರೂ ಬಾಡುತ್ತದೆ. ಆಗ ನೀವು ದುಃಖದಲ್ಲಿದ್ದಿರಿ, ಮಗನ ಆಸರೆಯಲ್ಲಿದ್ದಿರಿ. ಅದು ನೀವು ಇರಬೇಕಾದ ಜಾಗವೇ ಆಗಿತ್ತು.

ಎರಡನೆಯದು ಟೆಂಪೋ ಕ್ರೋಟನ್. ಹೀಗೆ ಮಾರಲು ಬರುವ ಗಿಡಗಳಲ್ಲಿ ಹೆಚ್ಚಿನವು ಹಸಿರು ನೆರಳುಪರದೆಯ ಕೆಳಗೆ, ತೇವವಾದ ಗಾಳಿಯಲ್ಲಿ ಬೆಳೆದಿರುತ್ತವೆ. ಆಂಧ್ರದ ಗೋದಾವರಿ ಸೀಮೆಯ ಕಡಿಯಂ ನರ್ಸರಿಗಳಿಂದಲೂ ನಮ್ಮ ರಾಜ್ಯಕ್ಕೆ ಇಂಥ ಗಿಡಗಳು ಲಾರಿಗಟ್ಟಲೆ ಬರುತ್ತವೆ. ಅಲ್ಲಿಂದ ತಂದು ಮಾರ್ಚ್ ಬಿಸಿಲಿಗೆ ನೇರವಾಗಿ ಇಟ್ಟರೆ ಕ್ರೋಟನ್ ಮಾಡುವ ಮೊದಲ ಕೆಲಸ ಎಲೆ ಉದುರಿಸುವುದು. ಜಾಗ ಬದಲಾದಾಗ ನೀರಿನ ಖರ್ಚು ಕಡಿಮೆ ಮಾಡಿಕೊಳ್ಳಲು ಅದು ಹಾಗೆ ಮಾಡುತ್ತದೆ. ಬೇರಿಗೆ ಪೆಟ್ಟಾಗಿರದಿದ್ದರೆ ಕೆಲವು ವಾರಗಳಲ್ಲಿ ಮತ್ತೆ ಚಿಗುರುತ್ತದೆ. ಮುಂದಿನ ಸಲ ಗಿಡ ಬರಿಗಡ್ಡಿಯಾದರೆ ಕಾಂಡವನ್ನು ಉಗುರಿನಿಂದ ಸ್ವಲ್ಪ ಕೆರೆದು ನೋಡಿ. ಸಿಪ್ಪೆಯ ಕೆಳಗೆ ಹಸಿರಿದ್ದರೆ ಜೀವವಿದೆ. ಅಂಥದ್ದನ್ನು ನೆರಳಿಗಿಟ್ಟು ಕಾಯಬೇಕು.

ಮೂರನೆಯದು ಅಜೇಲಿಯಾ. ಮೊಬೈಲಿನಲ್ಲಿ ಕಾಣುವ ಇಂಗ್ಲೆಂಡಿನ ತೋಟಗಳಲ್ಲಿ ವರ್ಷವಿಡೀ ಕೆಂಪು, ಬಂಗಾರದ ಎಲೆ ಕೊಡುವ ಪೊದೆಗಳು ಆ ಚಳಿಗೇ ಒಗ್ಗಿದವು. ಅಜೇಲಿಯಾಕ್ಕೆ ಹುಳಿಗುಣದ ಮಣ್ಣು, ತಂಪು ಹವೆ ಬೇಕು. ಊಟಿಯಲ್ಲಿ ಬದುಕುತ್ತದೆ. ಚನ್ನಗಿರಿಯ ಬೇಸಿಗೆಯಲ್ಲಿ ಅದನ್ನು ಉಳಿಸುವುದು ಅನುಭವಸ್ಥ ಮಾಲಿಗಳಿಗೂ ಕಷ್ಟ.

ನಾಲ್ಕನೆಯದು ನೀವು ಪ್ರೀತಿಯಿಂದ ತುಂಬಿದ ಕೆರೆಗೋಡು. ಸೂಳೆಕೆರೆಯ ಪಕ್ಕದಲ್ಲಿರುವ ನಿಮಗೆ ಗೋಡಿನ ಬೆಲೆ ಗೊತ್ತು. ಅಡಿಕೆ ತೋಟಕ್ಕೆ, ಹೊಲಕ್ಕೆ ತೆಳ್ಳಗೆ ಹರಡಿದರೆ ಅದು ಬಂಗಾರ. ಆದರೆ ಅದು ನುಣುಪು ಜೇಡಿ. ಕುಂಡದೊಳಗೆ ಅದನ್ನೊಂದನ್ನೇ ತುಂಬಿದರೆ ಒದ್ದೆಯಾದಾಗ ಅಂಟಾಗಿ, ಒಣಗಿದಾಗ ಇಟ್ಟಿಗೆಯಾಗಿ ಕೂರುತ್ತದೆ. ಬೇರಿಗೆ ಗಾಳಿ ಸಿಗುವುದಿಲ್ಲ. ಅದರ ಮೇಲೆ ದಿನಕ್ಕೆರಡು ಸಲ ನೀರು ಬಿದ್ದರೆ ಬೇರು ಕೊಳೆಯುತ್ತದೆ. ಬೇರು ಕೊಳೆತ ಗಿಡವೂ ನೀರಿಲ್ಲದ ಗಿಡದ ಹಾಗೆಯೇ ಬಾಡಿ ನಿಲ್ಲುತ್ತದೆ. ಅದನ್ನು ಕಂಡು ನಾವು ಇನ್ನಷ್ಟು ನೀರು ಹಾಕುತ್ತೇವೆ. "ಏನೂ ಕಡಿಮೆ ಮಾಡಲಿಲ್ಲ" ಎಂದು ಬರೆದಿದ್ದೀರಿ, ಅದು ಸತ್ಯ. ಆ ಗಿಡಗಳಿಗೆ ಆರೈಕೆ ತುಸು ಹೆಚ್ಚೇ ಆಯಿತು.

ನಿಮ್ಮೂರಿನ ಆ ಕೆರೆಯನ್ನೇ ನೋಡಿ. ಶಾಂತಿಸಾಗರವೆಂದು ಹೆಸರಾದ ಅಷ್ಟು ದೊಡ್ಡ ಕೆರೆ ಶತಮಾನಗಳಿಂದ ಉಳಿದಿರುವುದು ಏರಿ ಗಟ್ಟಿಯಾಗಿದೆ ಎಂಬುದರಿಂದ ಮಾತ್ರವಲ್ಲ. ತುಂಬಿದ ನೀರನ್ನು ಹೊರಗೆ ಬಿಡಲು ತೂಬುಗಳಿವೆ ಎಂಬುದರಿಂದಲೂ. ಕುಂಡದ ಅಡಿಯ ತೂತು ಅಂಥದೇ ತೂಬು. ಮನಸ್ಸಿಗೂ ಒಂದು ತೂಬು ಬೇಕು. ಎರಡು ವರ್ಷದಿಂದ ನಿಮ್ಮೊಳಗೆ ದುಃಖ ತುಂಬುತ್ತಲೇ ಇದೆ, ಹೊರಗೆ ಹರಿಯಲು ದಾರಿ ಸಿಕ್ಕಿಲ್ಲ ಎಂದು ನಿಮ್ಮ ಪತ್ರ ಓದುವಾಗ ನನಗನ್ನಿಸಿತು. ಇದಕ್ಕೆ ಮುಂದೆ ಬರುತ್ತೇನೆ.

ಇನ್ನು ನಿಮ್ಮ ನಾದಿನಿ. ಅವರ ಮಾತು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಮಾತಿನೊಳಗೆ ಇನ್ನೊಂದು ಸಂಗತಿಯಿದೆ. ಅವರೂ ಅಣ್ಣನನ್ನು ಕಳೆದುಕೊಂಡವರು. ಅಣ್ಣ ಕೊಟ್ಟ ಗಿಡವನ್ನು ಆಳೆತ್ತರ ಬೆಳೆಸಿದ್ದಾರೆ, ಅದನ್ನು ನಾಲ್ಕು ಜನರಿಗೆ ಹೇಳಿಕೊಳ್ಳಬೇಕೆಂದು ಅವರಿಗೆ ಅನ್ನಿಸಿದೆ. ಸಾವಿಗೆ ಕಾರಣ ಸಿಗದಾಗ ಮನುಷ್ಯರು ಹತ್ತಿರ ಇರುವವರ ಕೈಯಲ್ಲಿ, ಕಾಲ್ಗುಣದಲ್ಲಿ ಕಾರಣ ಹುಡುಕುತ್ತಾರೆ. ಅದರಿಂದ ಅವರ ಸಂಕಟ ಒಂದು ಗಳಿಗೆ ಹಗುರಾಗುತ್ತದೆ, ಭಾರವೆಲ್ಲ ಇನ್ನೊಬ್ಬರ ಹೆಗಲಿಗೆ ಬೀಳುತ್ತದೆ. ಅವರ ದುಃಖವನ್ನು ನೀವು ಅರ್ಥಮಾಡಿಕೊಳ್ಳಬಹುದು. ಅವರ ಮಾತನ್ನು ನಿಜವೆಂದು ಒಪ್ಪಿಕೊಳ್ಳಬೇಕಾಗಿಲ್ಲ.

ಹಾಗಾದರೆ ಕೈಗುಣವೇ ಇಲ್ಲವೇ ಎಂದು ನೀವು ಕೇಳಬಹುದು. ಕೆಲವರು ನೆಟ್ಟಿದ್ದೆಲ್ಲ ಬರುತ್ತದೆ, ಅದು ನಿಜ. ಅಂಥವರನ್ನು ಹತ್ತಿರದಿಂದ ಗಮನಿಸಿ. ಅವರು ಗಿಡ ನೆಡುವ ಮೊದಲು ಬಿಸಿಲು ಎಲ್ಲಿ ಬೀಳುತ್ತದೆಂದು ನೋಡಿರುತ್ತಾರೆ. ಮಳೆ ಹಿಡಿಯುವವರೆಗೆ ಕಾಯುತ್ತಾರೆ. ಮಣ್ಣು ಮುಟ್ಟಿ ನೋಡಿ ನೀರು ಹಾಕುತ್ತಾರೆ. ನಿಮ್ಮ ಯಜಮಾನರೂ ಹೀಗೆಯೇ ಮಾಡುತ್ತಿದ್ದಿರಬೇಕು. ಇದು ಯಾರು ಬೇಕಾದರೂ ಕಲಿಯಬಹುದಾದ ಅಭ್ಯಾಸ, ನಿಮಗೂ ಬರುತ್ತದೆ.

ನೀವು ಕೇಳಿದಂಥ ಸಾಯದ ಗಿಡ ಮಾತ್ರ ಎಲ್ಲೂ ಇಲ್ಲ. ಸದಾ ಹಸಿರಾಗಿ ಕಾಣುವ ಪೊದೆಗಳೂ ದಿನಾ ಎಲೆ ಉದುರಿಸುತ್ತವೆ. ಒಂದೇ ಸಲ ಉದುರಿಸದೆ, ಒಳಗಿನ ಹಳೆಯ ಎಲೆಯನ್ನು ಬಿಡುತ್ತ ತುದಿಯಲ್ಲಿ ಹೊಸದನ್ನು ತರುತ್ತವೆ. ಆದ್ದರಿಂದ ಮುಂದೆ ಬುಡದಲ್ಲಿ ನಾಲ್ಕು ಹಳದಿ ಎಲೆ ಬಿದ್ದಿದ್ದು ಕಂಡರೆ ಗಾಬರಿಯಾಗಬೇಡಿ. ತುದಿಯಲ್ಲಿ ಚಿಗುರಿದೆಯೇ ಎಂದು ನೋಡಿ.

ಇನ್ನು ಮಾಡಬೇಕಾದ ಕೆಲಸ. ಎಲ್ಲವನ್ನೂ ಒಟ್ಟಿಗೆ ಹಚ್ಚಿಕೊಳ್ಳಬೇಡಿ.

ಮೊದಲನೆಯದಾಗಿ, ಮಳೆ ಹಿಡಿಯುವವರೆಗೆ ಏನೂ ಕೊಳ್ಳಬೇಡಿ. ಒಂದು ದಿನ ಬೆಳಿಗ್ಗೆ, ನಡು ಮಧ್ಯಾಹ್ನ ಮತ್ತು ಸಂಜೆ ಆ ದಾರಿಯಲ್ಲಿ ನಿಂತು ಬಿಸಿಲು ಎಲ್ಲೆಲ್ಲಿ ಬೀಳುತ್ತದೆಂದು ನೋಡಿ, ಒಂದು ಹಾಳೆಯಲ್ಲಿ ಬರೆದಿಡಿ. ಇಡೀ ದಿನ ಬಿಸಿಲಿರುವ ಕಡೆ ಯಾವುದು, ಬೆಳಗಿನ ಬಿಸಿಲು ಮಾತ್ರ ಬರುವ ಕಡೆ ಯಾವುದು ಎಂಬುದು ತಿಳಿದರೆ ಅರ್ಧ ಕೆಲಸ ಮುಗಿದ ಹಾಗೆ. ಊರಿನ ಶಾಲೆಯ ಆವರಣ, ಚನ್ನಗಿರಿಯ ಕಚೇರಿಗಳ ಕಾಂಪೌಂಡು ಇಂಥ ಕಡೆ ಹೆಚ್ಚು ಆರೈಕೆಯಿಲ್ಲದೆ ಯಾವ ಗಿಡ ಚೆನ್ನಾಗಿ ನಿಂತಿದೆ ಎಂಬುದನ್ನೂ ಕಣ್ಣಿಟ್ಟು ನೋಡಿ. ಅಲ್ಲಿ ಬದುಕಿದ್ದು ನಿಮ್ಮಲ್ಲೂ ಬದುಕುತ್ತದೆ.

ಎರಡನೆಯದಾಗಿ, ಮಣ್ಣು. ಕುಂಡದಲ್ಲಿರುವ ಗೋಡನ್ನು ತೆಗೆದು ಅಂಗಳದ ಪಾತಿಗೆ ತೆಳ್ಳಗೆ ಹರಡಿ, ಅದು ಹಾಳಾಗುವುದಿಲ್ಲ. ಕುಂಡಕ್ಕೆ ಕೆಂಪು ಮಣ್ಣು, ದಪ್ಪ ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಮೂರನ್ನೂ ಸಮವಾಗಿ ಬೆರೆಸಿ ತುಂಬಿ. ಕುಂಡ ಹನ್ನೆರಡು ಇಂಚಿಗಿಂತ ಚಿಕ್ಕದಾಗಬಾರದು. ಅಡಿಯಲ್ಲಿ ತೂತಿರಲೇಬೇಕು, ಅದರ ಮೇಲೊಂದು ಹೆಂಚಿನ ಚೂರಿಡಿ. ನಿಮ್ಮ ಕಡೆ ಅಡಿಕೆ ಸಿಪ್ಪೆಗೆ ಬರವಿಲ್ಲ. ಅದನ್ನು ಹಸಿಯಾಗಿ ಮಣ್ಣಿಗೆ ಬೆರೆಸಬೇಡಿ. ಒಣಗಿದ ಸಿಪ್ಪೆಯನ್ನು ಗಿಡದ ಬುಡದ ಮೇಲೆ, ಕಾಂಡಕ್ಕೆ ತಾಗದಂತೆ ಹೊದಿಸಿದರೆ ಬೇಸಿಗೆಯಲ್ಲಿ ತೇವ ಬೇಗ ಆರುವುದಿಲ್ಲ. ನೀರು ಹಾಕುವ ಮೊದಲು ಎರಡು ಇಂಚಿನಷ್ಟು ಬೆರಳು ಊರಿ ನೋಡಿ. ತೇವವಿದ್ದರೆ ಅಂದು ಬೇಡ, ಒಣಗಿದ್ದರೆ ಅಡಿಯಿಂದ ಸೋರುವವರೆಗೆ ಹಾಕಿ. ಬೋರ್‌ವೆಲ್ ನೀರು ಗಡುಸಾಗಿದ್ದರೆ ಕುಂಡದ ಅಂಚಿಗೆ ಬಿಳಿ ಉಪ್ಪು ಕಟ್ಟುತ್ತದೆ, ಎಲೆಯ ತುದಿ ಕಂದಾಗುತ್ತದೆ. ಮಳೆಗಾಲದಲ್ಲಿ ಕುಂಡಗಳನ್ನು ಮಳೆಗೆ ನೆನೆಯಲು ಬಿಟ್ಟರೆ ಆ ಉಪ್ಪು ತೊಳೆದುಹೋಗುತ್ತದೆ.

ಮೂರನೆಯದಾಗಿ, ಗಿಡದ ಆಯ್ಕೆ. ಈ ವರ್ಷಕ್ಕೆ ಮೂರೇ ಬಗೆ ಸಾಕು.

ಇಡೀ ದಿನ ಬಿಸಿಲಿರುವ ಕಡೆ ಹಿಂದಿನ ಸಾಲಿಗೆ ಅಕಾಲಿಫಾ ಹಾಕಿ. ತಾಮ್ರ, ಕೆಂಪು, ಗುಲಾಬಿ ಬೆರೆತ ಅಗಲ ಎಲೆಯ ಪೊದೆ ಇದು, ನರ್ಸರಿಗಳಲ್ಲಿ ಈ ಹೆಸರಿಗೇ ಸಿಗುತ್ತದೆ. ಬಿಸಿಲು ಹೆಚ್ಚಿದಷ್ಟೂ ಬಣ್ಣ ಏರುತ್ತದೆ. ಗಿಡದಿಂದ ಗಿಡಕ್ಕೆ ಮೂರು ಅಡಿ ಬಿಡಿ, ವರ್ಷಕ್ಕೆರಡು ಸಲ ತುದಿ ಕತ್ತರಿಸಿ. ಅದರ ಮುಂದೆ, ದಾರಿಯ ಅಂಚಿಗೆ ಗಿಡ್ಡ ತಳಿಯ ಕೇಪಳ ಚೆನ್ನ. ನರ್ಸರಿಯಲ್ಲಿ ಇಕ್ಸೋರಾ ಎಂದು ಕೇಳಿ. ಹೊಳೆಯುವ ಹಸಿರು ಎಲೆ, ಕೆಂಪು ಇಲ್ಲವೇ ಹಳದಿ ಗೊಂಚಲು ಹೂ. ಗಿಡಗಳ ನಡುವೆ ಒಂದೂವರೆ ಅಡಿ ಬಿಟ್ಟರೆ ಸಾಕು. ನಿಮ್ಮದು ಎರೆ ಮಣ್ಣಾಗಿದ್ದರೆ ಕೇಪಳದ ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯಬಹುದು. ಅದು ಕಬ್ಬಿಣದ ಅಂಶದ ಕೊರತೆ. ಗುಂಡಿಗೆ ಕೆಂಪು ಮಣ್ಣು, ಗೊಬ್ಬರ ಹೆಚ್ಚು ಹಾಕಿದರೆ ಬಹುಪಾಲು ಸರಿಹೋಗುತ್ತದೆ.

ಬಾಗಿಲ ಬಳಿ, ಬೆಳಗಿನ ಬಿಸಿಲು ಬಂದು ಮಧ್ಯಾಹ್ನ ನೆರಳಾಗುವ ಕಡೆ ಕುಂಡಗಳಲ್ಲಿ ಕ್ರೋಟನ್ ಇಡಿ. ಪೂರ್ತಿ ನೆರಳಿನಲ್ಲಿ ಅದರ ಕೆಂಪು, ಹಳದಿ ಮಾಸಿ ಎಲೆ ಹಸಿರಿಗೆ ತಿರುಗುತ್ತದೆ. ಹೊಸದಾಗಿ ತಂದ ಗಿಡವನ್ನು ಮೊದಲ ಎರಡು ವಾರ ನೆರಳಿನಲ್ಲಿಟ್ಟು, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಬೆಳಕಿಗೆ ತನ್ನಿ. ಬೇಸಿಗೆಯಲ್ಲಿ ಎಲೆಯ ಅಡಿಯಲ್ಲಿ ಸಣ್ಣ ನುಸಿ, ತೆಳ್ಳನೆಯ ಬಲೆ ಕಂಡರೆ ನೀರನ್ನು ಜೋರಾಗಿ ಚಿಮುಕಿಸಿ ತೊಳೆಯಿರಿ.

ಮನೆಗೆ ಕೂಸು ಬರುತ್ತಿದೆ, ಊರಿನಲ್ಲಿ ಆಡು, ಕುರಿಗಳೂ ಅಡ್ಡಾಡುತ್ತವೆ. ಹಾಗಾಗಿ ಕಣಗಿಲೆ ಬೇಡ, ಅದರ ಬೇರಿನಿಂದ ಹೂವಿನವರೆಗೆ ಎಲ್ಲವೂ ವಿಷ. ಬಂಗಾರದ ಎಲೆಯ ಡುರಾಂಟ ಬೇಲಿಗೆ ಚೆಂದ, ಆದರೆ ಅದರ ಹಳದಿ ಕಾಯಿ ಮಕ್ಕಳಿಗೆ ಅಪಾಯ. ಸದ್ಯಕ್ಕೆ ಅದನ್ನೂ ಬಿಡಿ. ಕ್ರೋಟನ್ ಎಲೆ ಮುರಿದಾಗ ಬರುವ ರಸ ಚರ್ಮಕ್ಕೆ ಉರಿ ತರುತ್ತದೆ. ಮಗು ಅಂಬೆಗಾಲಿಡುವ ಹೊತ್ತಿಗೆ ಆ ಕುಂಡಗಳನ್ನು ಎತ್ತರದ ಕಟ್ಟೆಯ ಮೇಲಿಡಿ.

ಈ ಸಾಲುಗಳನ್ನು ಬರೆಯುವಾಗ ನನಗೊಂದು ಮಾತು ಹೇಳಬೇಕೆನಿಸಿತು. ಮಗಳು ಬಾಣಂತನಕ್ಕೆ ನಿಮ್ಮ ಮನೆಯನ್ನೇ ಆರಿಸಿಕೊಂಡಿದ್ದಾಳೆ. ಅವಳನ್ನು ಹೆತ್ತು, ಎಣ್ಣೆ ತಿಕ್ಕಿ, ಜ್ವರ ಬಂದಾಗ ರಾತ್ರಿಯಿಡೀ ಎತ್ತಿಕೊಂಡು ತಿರುಗಿದ ಕೈಗಳು ಇವೇ. ಆ ಕೈಗಳ ಬಗ್ಗೆ ನಾದಿನಿಗಿಂತ ನಿಮ್ಮ ಮಗಳಿಗೆ ಹೆಚ್ಚು ಗೊತ್ತು. ನಿಮ್ಮ ಭಯವನ್ನು ಹೆರಿಗೆಗೆ ಮೊದಲೇ ಅವಳ ಹತ್ತಿರ ಬಾಯಿಬಿಟ್ಟು ಹೇಳಿ. ಮುಚ್ಚಿಟ್ಟುಕೊಂಡು ಕೂಸಿನಿಂದ ದೂರ ನಿಂತರೆ, ಅಮ್ಮನಿಗೆ ಏನೋ ಬೇಸರವಾಗಿದೆ ಎಂದು ಅವಳು ತಪ್ಪಾಗಿ ತಿಳಿದಾಳು.

ನಾಲ್ಕನೆಯ ಹೆಜ್ಜೆ ಸ್ವಲ್ಪ ಕಷ್ಟದ್ದು. ಮೃಗಶಿರ ಮಳೆ ಬಿದ್ದ ಮೇಲೆ ನಾದಿನಿಗೆ ಫೋನ್ ಮಾಡಿ, ನಿಮ್ಮ ಯಜಮಾನರು ಕೊಟ್ಟ ಆ ಕ್ರೋಟನ್‌ನಿಂದ ನಾಲ್ಕೈದು ತುಂಡು ಕೇಳಿ. ಕಡ್ಡಿಯಿಂದ ಬೆಳೆದ ಗಿಡ ತಾಯಿಗಿಡದ ಮುಂದುವರಿಕೆಯೇ, ಗುಣದಲ್ಲಿ ಸಾಮಾನ್ಯವಾಗಿ ವ್ಯತ್ಯಾಸವಿರುವುದಿಲ್ಲ. ಅಂದರೆ ನಿಮ್ಮ ಯಜಮಾನರು ಬೆಳೆಸಿದ ಗಿಡ ಇನ್ನೂ ಬದುಕಿದೆ, ಅದು ನಿಮ್ಮ ಅಂಗಳಕ್ಕೆ ವಾಪಸ್ ಬರಬಹುದು. ಐದಾರು ಇಂಚಿನ ತುದಿಗಳನ್ನು ಕತ್ತರಿಸಿ, ಕೆಳಗಿನ ಎಲೆ ತೆಗೆದು, ಒಸರುವ ರಸವನ್ನು ನೀರಲ್ಲಿ ತೊಳೆದು, ಮರಳು ಬೆರೆತ ಮಣ್ಣಿನಲ್ಲಿ ಊರಿ ನೆರಳಿನಲ್ಲಿಡಿ. ತಿಂಗಳು, ಒಂದೂವರೆ ತಿಂಗಳಲ್ಲಿ ಬೇರು ಬರುತ್ತದೆ. ಐದರಲ್ಲಿ ಎರಡು ಹಿಡಿದರೂ ಒಳ್ಳೆಯ ಫಲವೇ.

ಗಿಡ ಕೇಳುವಾಗ ಒಂದು ಮಾತನ್ನೂ ಸೇರಿಸಿ: "ಅವತ್ತು ನೀನು ನಾಲ್ಕು ಜನರ ಮುಂದೆ ಹಂಗಂದಿದ್ದು ನಂಗೆ ತುಂಬಾ ನೋವಾಯ್ತು. ನಿಮ್ಮಣ್ಣ ಇಲ್ಲ ಅನ್ನೋದು ನಮ್ಮಿಬ್ಬರಿಗೂ ಒಂದೇ ದುಃಖ ಅಲ್ವಾ?" ಇಷ್ಟು ಸಾಕು, ವಾದ ಬೇಡ. ಅವರು ಕರಗಬಹುದು, ಕರಗದೆಯೂ ಇರಬಹುದು. ನಿಮ್ಮ ಮನಸ್ಸಿನಲ್ಲಿದ್ದದ್ದನ್ನು ಹೇಳಿದಿರಿ ಎಂಬುದೇ ನಿಮ್ಮ ಭಾರ ಇಳಿಸುತ್ತದೆ. ಫೋನ್ ಮಾಡಲು ಈಗ ಧೈರ್ಯ ಸಾಲದಿದ್ದರೆ ಬಿಡಿ, ಮಳೆಗಾಲ ಉದ್ದವಿದೆ.

ಗಿಡದ ವಿಷಯದಲ್ಲಿ ಅನುಮಾನ ಬಂದರೆ ಚನ್ನಗಿರಿಯ ತೋಟಗಾರಿಕೆ ಇಲಾಖೆಯ ಕಚೇರಿ ಅಥವಾ ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಬಹುದು. ರೋಗ ಬಂದ ಎಲೆಯೊಂದನ್ನು ಕವರಿನಲ್ಲಿ ಹಾಕಿಕೊಂಡು ಹೋದರೆ ನೋಡಿ ಹೇಳುತ್ತಾರೆ.

ಮನಸ್ಸಿನ ವಿಷಯವನ್ನೂ ಇಷ್ಟೇ ಸಹಜವಾಗಿ ತೆಗೆದುಕೊಳ್ಳಿ. ಎರಡು ವರ್ಷವಾದರೂ ದುಃಖ ಇರುವುದು ತಪ್ಪಲ್ಲ, ಅದಕ್ಕೆ ಗಡುವಿಲ್ಲ. ಆದರೆ ನಿದ್ದೆ, ಊಟ ಕೆಟ್ಟು ವಾರಗಳೇ ಆಗಿದ್ದರೆ, ಎಲ್ಲದಕ್ಕೂ ನಾನೇ ಕಾರಣ ಎಂಬ ಯೋಚನೆ ಬಿಡದಿದ್ದರೆ, ಬದುಕುವುದೇ ಬೇಡ ಅನ್ನಿಸಿದರೆ ಅದಕ್ಕೆ ಚಿಕಿತ್ಸೆಯಿದೆ. ವಿಶ್ವ ಆರೋಗ್ಯ ಸಂಸ್ಥೆ 2022ರಿಂದ ಜಾರಿಗೆ ತಂದಿರುವ ರೋಗಗಳ ಪಟ್ಟಿಯಲ್ಲಿ, ದಿನದ ಬದುಕನ್ನೇ ನಿಲ್ಲಿಸಿಬಿಡುವಂಥ ದೀರ್ಘ ಶೋಕಕ್ಕೆ ಪ್ರತ್ಯೇಕ ಜಾಗವೇ ಇದೆ. ಅಷ್ಟು ಜನರಿಗೆ ಇದು ಆಗುತ್ತದೆ. 14416 ಸಂಖ್ಯೆಗೆ ಕರೆ ಮಾಡಿ. ಇದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಹಣ ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಎದುರಿಗೆ ಕೂತು ಮಾತಾಡಬೇಕೆನಿಸಿದರೆ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಿ. ಜೊತೆಗೆ ಮಗ ಬಂದರೆ ಇನ್ನೂ ಒಳ್ಳೆಯದು. ಸಾಯುವ ಯೋಚನೆ ಬಂದ ದಿನ ಮಾತ್ರ ಯಾರಿಗೂ ಕಾಯದೆ ಕೂಡಲೇ ಕರೆ ಮಾಡಿ.

ಇದನ್ನು ಓದುತ್ತಿರುವ ಇತರರಲ್ಲಿ ಒಂದು ಕೋರಿಕೆ. ನಿಮ್ಮ ಮನೆಯಲ್ಲಿ, ಕೇರಿಯಲ್ಲಿ ಗಂಡನನ್ನು ಕಳೆದುಕೊಂಡವರು, ಮಗುವನ್ನು ಕಳೆದುಕೊಂಡವರು ಇರಬಹುದು. ಅವರ ಕೈಗುಣ, ಕಾಲ್ಗುಣದ ಮಾತು ತಮಾಷೆಗೂ ಬೇಡ. ಅವರು ಒಂದು ಗಿಡ ನೆಟ್ಟಿದ್ದರೆ ಹತ್ತಿರ ಹೋಗಿ ನೋಡಿ, ಅವರು ಊರಿಗೆ ಹೋದಾಗ ನಾಲ್ಕು ದಿನ ನೀರು ಹಾಕಿ, ನಿಮ್ಮ ಹಿತ್ತಲಿನದೊಂದು ಕಡ್ಡಿ ಕೊಡಿ. ದುಃಖದಲ್ಲಿರುವವರಿಗೆ ನೆರೆಹೊರೆಯಿಂದ ಬೇಕಾದದ್ದು ಇಷ್ಟೇ. ಇದನ್ನು ನಾವೆಲ್ಲರೂ ಮಾಡಬಲ್ಲೆವು.